ಅಜ್ಜಿ ಬೀಡಿ ಸೇದಿರಲಿಲ್ಲ

ಕಳೆದ ಸೆಮ್ ರಜೆಯಲ್ಲಿ ನಮ್ಮಜ್ಜಿಯನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿ ಊರು ದೊಡ್ಡಬಳ್ಳಾಪುರದ ಕಡೆ. ಎರಡು ವರ್ಷದಿಂದ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಒಂದು ಯಂತ್ರಕ್ಕೆ ಜೋರಾಗಿ ಊದಿಸಿದರು, ರಿಪೋರ್ಟ್ ನೋಡಿ ಕೇಳಿದರು: "ಬೀಡಿ ಸೇದ್ತಿದ್ರಾ ಅಮ್ಮ?"

ಅಜ್ಜಿಗೆ ಸಿಟ್ಟೇ ಬಂತು. "ಅಯ್ಯೋ ಶಿವನೇ! ನಮ್ಮನೇಲಿ ಗಂಡಸ್ರೇ ಸೇದಲ್ಲ ಸ್ವಾಮಿ, ನಾನು ಸೇದ್ತೀನಾ?"

ಡಾಕ್ಟರು ನಕ್ಕು ಎರಡನೇ ಪ್ರಶ್ನೆ ಕೇಳಿದರು. "ಸೌದೆ ಒಲೇಲಿ ಎಷ್ಟು ವರ್ಷ ಅಡುಗೆ ಮಾಡಿದ್ರಿ?"

ಕಾಯಿಲೆಯ ಹೆಸರು ಸಿಒಪಿಡಿ. ಶ್ವಾಸನಾಳಗಳು ವರ್ಷಗಟ್ಟಲೆ ಕೆರಳಿ ಕಿರಿದಾಗಿ, ಗಾಳಿ ಸಲೀಸಾಗಿ ಹೊರಗೆ ಹೋಗದ ಸ್ಥಿತಿ. ಔಷಧಿಯಿಂದ ಹತೋಟಿಯಲ್ಲಿಡಬಹುದು, ಹಾಳಾದದ್ದು ಪೂರ್ತಿ ವಾಪಸ್ ಬರಲ್ಲ. ಅವತ್ತಿಂದ ನನ್ನ ತಲೆಯಲ್ಲಿ ಒಂದೇ ಹುಳ. ವಾಯುಮಾಲಿನ್ಯ ಅಂದ್ರೆ ನಮಗೆ ನೆನಪಾಗೋದು ಹೆಬ್ಬಾಳದ ಟ್ರಾಫಿಕ್, ರಾಜಾನುಕುಂಟೆ ರಸ್ತೆಯ ಲಾರಿ, ಧೂಳು. ಆದರೆ ನಾವು ದಿನದ ಹೆಚ್ಚಿನ ಹೊತ್ತು ಇರೋದು ನಾಲ್ಕು ಗೋಡೆ ಒಳಗೆ. ಆ ಗಾಳಿಯ ಬಗ್ಗೆ ನಮಗೆಷ್ಟು ಗೊತ್ತು? ಗೊತ್ತಾದಷ್ಟನ್ನ ಇಲ್ಲಿ ಬರೆದಿದ್ದೀನಿ.

ಮೊದಲು ಒಂದು ಸಮೀಕರಣ

ಹೆದರಬೇಡಿ, ಇಂಟರ್ನಲ್ಸ್‌ಗೆ ಬರಲ್ಲ. ಕೋಣೆಯನ್ನ ಒಂದು ನೀರಿನ ತೊಟ್ಟಿ ಅಂದುಕೊಳ್ಳಿ. ಮೇಲಿನ ನಲ್ಲಿಯಿಂದ ಕೊಳೆ ಬೀಳ್ತಿದೆ, ಕೆಳಗಿನ ತೂತಿನಿಂದ ಹೊರಗೆ ಹೋಗ್ತಿದೆ. ಸ್ವಲ್ಪ ಹೊತ್ತಿನ ನಂತರ ಎರಡೂ ಸಮವಾಗುತ್ತವೆ. ಆಗ:

ಒಳಗಿನ ಸಾಂದ್ರತೆ = ಹೊರಗಿನ ಸಾಂದ್ರತೆ + (ಕೊಳೆ ಹುಟ್ಟುವ ವೇಗ ÷ ಗಾಳಿ ಬದಲಾಗುವ ವೇಗ)

ಕೋಣೆಯಲ್ಲಿರುವಷ್ಟು ಪರಿಮಾಣದ ಹೊಸ ಗಾಳಿ ಗಂಟೆಗೆ ಎಷ್ಟು ಸಲ ಒಳಗೆ ಬರುತ್ತೆ ಅನ್ನೋದನ್ನ ಏರ್ ಚೇಂಜಸ್ ಪರ್ ಅವರ್, ಚುಟುಕಾಗಿ ಎಸಿಎಚ್ ಅಂತಾರೆ. ಈ ಸಮೀಕರಣದ ಪ್ರಕಾರ ಪರಿಹಾರ ಇರೋದು ಎರಡೇ. ಒಂದು, ಕೊಳೆ ಹುಟ್ಟೋದನ್ನ ಕಡಿಮೆ ಮಾಡು. ಎರಡು, ಗಾಳಿ ಬದಲಾಯಿಸು. ಫಿಲ್ಟರ್ ಹಾಕಿ ಹಿಡಿಯೋದು ಮೂರನೇ ದಾರಿ. ಅದು ಧೂಳಿನ ಕಣಗಳಿಗೆ ಆಗುತ್ತೆ, ಕಾರ್ಬನ್ ಮಾನಾಕ್ಸೈಡ್‌ಗೆ ಆಗಲ್ಲ. ಅಜ್ಜಿಯ ಅಡುಗೆಮನೆ, ನಮ್ಮ ಪಿಜಿ ರೂಮು, ಆಸ್ಪತ್ರೆಯ ವಾರ್ಡು, ಮೂರೂ ಇದೇ ಲೆಕ್ಕದೊಳಗೆ ಬರುತ್ತವೆ.

ಒಲೆಯ ಲೆಕ್ಕ

ಅಜ್ಜಿ ಮನೆಯ ಅಡುಗೆಮನೆ ನನಗೆ ಚೆನ್ನಾಗಿ ನೆನಪಿದೆ. ಒಂದು ಸಣ್ಣ ಬೆಳಕಿಂಡಿ, ಹೆಂಚಿನ ಮಾಡಿನಲ್ಲಿ ಒಂದು ಹೊಗೆಕಿಂಡಿ, ತೊಲೆಗಳ ಮೇಲೆ ಕಪ್ಪಗೆ ನೇತಾಡೋ ಇಲ್ಲಣ. ನೀಲಗಿರಿ ಸೌದೆ ಹಸಿ ಇದ್ದರೆ ಊದುಕೊಳವೆ ಹಿಡಿದು ಮುಖ ಒಲೆ ಹತ್ತಿರ ಇಟ್ಟು ಊದಬೇಕು. ಹೊಗೆ ಅತಿ ಹೆಚ್ಚಿರೋ ಹೊತ್ತಿಗೇ ಮೂಗು ಒಲೆಗೆ ಅತಿ ಹತ್ತಿರ ಇರುತ್ತೆ. ತೊಲೆ ಮೇಲಿನ ಇಲ್ಲಣ ನಮಗೆ ಕಾಣುತ್ತೆ, ಅದೇ ಹೊಗೆ ಎದೆಯೊಳಗೆ ಬಿಟ್ಟು ಹೋಗಿದ್ದು ಕಾಣಲ್ಲ.

ಸೌದೆ ಪೂರ್ತಿ ಉರಿದರೆ ಬರೋದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ. ಮೂರು ಕಲ್ಲಿನ ಒಲೆಯಲ್ಲಿ ಅದು ಯಾವತ್ತೂ ಪೂರ್ತಿ ಉರಿಯಲ್ಲ. ಹಾಗಾಗಿ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಜೊತೆಗೆ ಪಿಎಂ 2.5 ಕಣಗಳು ಹೊರಬರುತ್ತವೆ. ಪಿಎಂ 2.5 ಅಂದ್ರೆ 2.5 ಮೈಕ್ರಾನ್‌ಗಿಂತ ಚಿಕ್ಕವು, ತಲೆಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ದೊಡ್ಡ ಧೂಳನ್ನ ಮೂಗು ತಡೆಯುತ್ತೆ, ಇವು ನೇರ ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ಸೌದೆ ಉರಿಯೋ ಅಡುಗೆಮನೆಯಲ್ಲಿ ಇದು ನೂರಾರು ಇರೋದು ಮಾಮೂಲು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಅಂತ ಅದೇ ಸಂಸ್ಥೆಯ ಅಂದಾಜು.

ಇದರ ಬಗ್ಗೆ ಓದುವಾಗ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಂಖ್ಯೆ ನಮ್ಮ ಮೈಸೂರು ಜಿಲ್ಲೆಯದು. ಅಲ್ಲಿನ ಹಳ್ಳಿಗಳ ಹೆಣ್ಣುಮಕ್ಕಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಳ ಸೂಚ್ಯಂಕ ಬಳಸಿತು. ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನ ಹಾಗೆ ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ, ಅಷ್ಟೇ. ಈ ಸಂಖ್ಯೆ 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಎದ್ದು ಕಂಡಿತು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ಆಯ್ತು 60.

ಆಸ್ಪತ್ರೆಯಿಂದ ಬಂದ ರಾತ್ರಿ ಅಜ್ಜಿಯದು ಲೆಕ್ಕ ಹಾಕಿದೆ. ಮುದ್ದೆ, ಸಾರು, ದನಕ್ಕೆ ಬೇಯಿಸೋದು ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆ ಕಮ್ಮಿ ಇಲ್ಲ. ನಲವತ್ತೈದು ವರ್ಷ. 180. ಮೂರು ಪಟ್ಟು. ಅಮ್ಮ ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಅದೇ ಒಲೆ ಮುಂದೆ ಇದ್ದರು. ಅವರದು 44. ಅಮ್ಮನ ಸಂಖ್ಯೆ ನಿಂತಿದ್ದು ಗ್ಯಾಸ್ ಬಂದಿದ್ದರಿಂದ. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.

ಅಸ್ತ್ರ ಒಲೆ: ನಮ್ಮ ಊರಿನ ಎಂಜಿನಿಯರಿಂಗ್

ಈ ಸಮಸ್ಯೆಗೆ ಕೈ ಹಾಕಿದ ಎಂಜಿನಿಯರುಗಳು ನಮ್ಮ ಕ್ಯಾಂಪಸ್‌ನಿಂದ ಒಂದು ಗಂಟೆ ದೂರದಲ್ಲೇ ಇದ್ದರು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ಬೇಕಾದ ವಿಜ್ಞಾನ ತಂತ್ರಜ್ಞಾನ ಮಾಡಬೇಕು ಅನ್ನೋದೇ ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿಂದ ಬಂದಿದ್ದು 'ಅಸ್ತ್ರ ಒಲೆ'.

ವಿನ್ಯಾಸ ನೋಡಿದರೆ ನಮ್ಮ ಥರ್ಮೋ ಪಾಠವೇ. ಬೆಂಕಿಗೆ ಮುಚ್ಚಿದ ಗೂಡು, ಕೆಳಗೆ ಗಾಳಿ ಬರಲು ಜಾಲರಿ, ಬಿಸಿ ಅನಿಲ ಒಂದರ ಹಿಂದೆ ಒಂದು ಮೂರು ಪಾತ್ರೆಗಳ ತಳ ಸವರಿಕೊಂಡು ಹೋಗೋ ದಾರಿ, ಕೊನೆಗೆ ಚಿಮಣಿ. ಮಾಮೂಲಿ ಒಲೆಯ ದಕ್ಷತೆ ಶೇಕಡ 10ರ ಆಸುಪಾಸಿದ್ದರೆ, ಪ್ರಯೋಗಾಲಯದಲ್ಲಿ ಇದು ಶೇಕಡ 40ರ ಮಟ್ಟ ಮುಟ್ಟಿತು. ಚಿಮಣಿಗೆ ಮೋಟಾರ್ ಬೇಡ. ಒಳಗೆ 150 ಡಿಗ್ರಿಯ ಹೊಗೆ, ಹೊರಗೆ 27 ಡಿಗ್ರಿಯ ಗಾಳಿ, ಮೂರು ಮೀಟರ್ ಎತ್ತರ ಅಂತ ಹಾಕಿ. ಸಾಂದ್ರತೆಯ ವ್ಯತ್ಯಾಸದಿಂದ ಸುಮಾರು 10 ಪ್ಯಾಸ್ಕಲ್ ಸೆಳೆತ ಸಿಗುತ್ತೆ. ನೋಡೋಕೆ ಸಣ್ಣ ಸಂಖ್ಯೆ, ಹೊಗೆಯನ್ನ ಮನೆಯಿಂದಾಚೆ ಎಳೆಯೋಕೆ ಸಾಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದನ್ನ ಊರೂರಿಗೆ ತಲುಪಿಸೋ ಕೆಲಸ ಮಾಡಿತು.

ಹಾಗಾದ್ರೆ ಸಮಸ್ಯೆ ಮುಗೀಬೇಕಿತ್ತಲ್ವಾ? ಮುಗೀಲಿಲ್ಲ. ಚಿಮಣಿಯಲ್ಲಿ ಮಸಿ ಕಟ್ಟಿಕೊಂಡರೆ ಸೆಳೆತ ಹೋಗುತ್ತೆ, ತಿಂಗಳಿಗೊಮ್ಮೆ ಯಾರು ಕ್ಲೀನ್ ಮಾಡ್ತಾರೆ? ಒಲೆ ಕಟ್ಟೋದಕ್ಕೆ ತರಬೇತಾದವರು ಬೇಕು, ಅಳತೆ ತಪ್ಪಿದರೆ ಅದು ಚಿಮಣಿ ಇರೋ ಮಾಮೂಲಿ ಒಲೆ. ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಸುಧಾರಿತ ಒಲೆ ಹಂಚಿ ಅಳೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಲೆಗೆ ಕಾರ್ಬನ್ ಕ್ರೆಡಿಟ್ ಯೋಜನೆಯ ಒಪ್ಪಿಗೆಯೂ ಇತ್ತು. ಅಳೆದಾಗ ಕಂಡಿದ್ದು ಬೇರೆ. ಎಷ್ಟೋ ಮನೆಗಳು ಹೊಸದರ ಜೊತೆ ಹಳೆ ಒಲೆಯನ್ನೂ ಉರಿಸುತ್ತಲೇ ಇದ್ದವು, ಹೊಸ ಒಲೆಯ ಹೊಗೆಯಲ್ಲಿ ಕಪ್ಪು ಇಂಗಾಲದ ಪಾಲು ಹೆಚ್ಚೇ ಇತ್ತು. ಲ್ಯಾಬ್‌ನಲ್ಲಿ ಬಂದ ದಕ್ಷತೆ ಬೇರೆ, ಮನೆಯಲ್ಲಿ ಬರೋದೇ ಬೇರೆ.

ಅಜ್ಜಿ ಮನೆಯಲ್ಲೂ ಇದೇ ಕಥೆ. ಗ್ಯಾಸ್ ಬಂತು, ಅಡುಗೆ ಅದರಲ್ಲೇ. ಆದರೆ ಬಚ್ಚಲಿನ ಹಂಡೆಗೆ ಇವತ್ತಿಗೂ ಸೌದೆ. "ಸೌದೆ ಹಿತ್ತಲಲ್ಲೇ ಬಿದ್ದೈತೆ, ನೀರು ಕಾಯ್ಸಕ್ಕೆ ಗ್ಯಾಸ್ ಯಾಕ್ಲಾ ಮಗ?" ಅಜ್ಜಿ ಲೆಕ್ಕ ತಪ್ಪಲ್ಲ. ಸಿಲಿಂಡರಿಗೆ ದುಡ್ಡು ಕೊಡಬೇಕು, ಹಿತ್ತಲ ಸೌದೆಗೆ ಕೊಡಬೇಕಾಗಿಲ್ಲ. 2016ರ ಉಜ್ವಲ ಯೋಜನೆ ಕನೆಕ್ಷನ್ ಕೊಟ್ಟಿತು, ಆದರೆ ಎರಡನೇ ಸಿಲಿಂಡರು, ಮೂರನೇ ಸಿಲಿಂಡರು ತುಂಬಿಸೋದು ಮನೆಯವರ ಜೇಬಿನ ಮೇಲೆ ನಿಂತಿದೆ.

ಬಾತ್‌ರೂಮ್ ಒಳಗಿನ ಅಪಾಯ

ಗ್ಯಾಸ್ ಅಂದಕೂಡಲೇ ಪೂರ್ತಿ ಸೇಫ್ ಅಂತಲೂ ಅಲ್ಲ. ನಾನು ಮೊದಲ ವರ್ಷ ಇದ್ದ ಪಿಜಿಯಲ್ಲಿ ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೇ ಇತ್ತು. ಚಳಿ, ಸೊಳ್ಳೆ ಅಂತ ವೆಂಟಿಲೇಟರ್‌ಗೆ ಯಾರೋ ರಟ್ಟು ಹಚ್ಚಿದ್ದರು. ಡಿಸೆಂಬರ್‌ನ ಒಂದು ಬೆಳಗ್ಗೆ ಇಬ್ಬರು ಸ್ನಾನ ಮಾಡಿ ಬಂದ ಮೇಲೆ ಹೋದ ಸೀನಿಯರ್ ಒಬ್ಬರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ಒಡೆದಾಗ ಪ್ರಜ್ಞೆ ಇರಲಿಲ್ಲ. ಕಾರಿಡಾರಿಗೆ ಎಳೆದು ತಂದು, ಆಸ್ಪತ್ರೆಗೆ ಸೇರಿಸಿ, ಬದುಕಿದರು. ಎಲ್ಲರಿಗೂ ಆ ಅದೃಷ್ಟ ಇರಲ್ಲ. ಬೆಂಗಳೂರಿನ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತೆ.

ಆಗ ಅರ್ಥ ಆಗದ್ದು ಈಗ ಲೆಕ್ಕ ಹಾಕಿದರೆ ಅರ್ಥ ಆಗುತ್ತೆ. ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಏರಿಸೋ ಗೀಸರ್‌ಗೆ ಸುಮಾರು 12 ಕಿಲೋವ್ಯಾಟ್ ಬೇಕು. ಅಂದ್ರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಎಲ್‌ಪಿಜಿ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರೋದೇ 7 ಘನ ಮೀಟರ್‌ಗಿಂತ ಕಡಿಮೆ. ಮುಚ್ಚಿದ ಕೋಣೆಯ ಅಷ್ಟೂ ಗಾಳಿ ಸುಮಾರು ಅರ್ಧ ಗಂಟೆಯ ಉರಿಗಷ್ಟೇ ಸಾಕು. ಆಮ್ಲಜನಕ ಸ್ವಲ್ಪ ಇಳಿದರೂ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಶುರುವಾಗುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆಸುತ್ತು, ಆಮೇಲೆ ಕಾಲು ಮಾತು ಕೇಳಲ್ಲ. ಬಾಗಿಲು ತೆಗೀಬೇಕು ಅನ್ನೋದು ಹೊಳೆಯೋ ಹೊತ್ತಿಗೆ ತೆಗೆಯೋ ಶಕ್ತಿ ಇರಲ್ಲ.

ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ: ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿಯಾಡೋ ಜಾಗದಲ್ಲಿರಬೇಕು. ನಿಮ್ಮ ಪಿಜಿಯಲ್ಲಿ ಒಳಗಿದ್ದರೆ ಇವತ್ತೇ ಓನರ್ ಹತ್ತಿರ ಮಾತಾಡಿ. ಅಲ್ಲಿವರೆಗೆ ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆಫ್ ಮಾಡಿ, ಬಾಗಿಲು ತೆಗೆದು ಗಾಳಿ ಹೋದ ಮೇಲೆ ಸ್ನಾನ ಮಾಡಿ. ವೆಂಟಿಲೇಟರ್‌ಗೆ ರಟ್ಟು ಬೇಡವೇ ಬೇಡ.

ನಾಲ್ಕು ಜನ, ಒಂದು ರೂಮು, ಒಂದು ಕಾಯಿಲ್

ಈಗ ನಮ್ಮ ಫೋರ್ ಶೇರಿಂಗ್ ರೂಮಿಗೆ ಬರೋಣ. 12 ಅಡಿಗೆ 12 ಅಡಿ, ಎತ್ತರ 10 ಅಡಿ. ಸುಮಾರು 41 ಘನ ಮೀಟರ್. ಮಲಗಿದ ಒಬ್ಬ ಮನುಷ್ಯ ಗಂಟೆಗೆ ಸುಮಾರು 13 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ. ನಾಲ್ವರಿಗೆ 52 ಲೀಟರ್. ಅಂದ್ರೆ ಗಾಳಿ ಬದಲಾಗದಿದ್ದರೆ ಗಂಟೆಗೆ ಸುಮಾರು 1270 ಪಿಪಿಎಂ ಏರಿಕೆ. ಕಿಟಕಿ ಬಾಗಿಲು ಮುಚ್ಚಿದ ರೂಮಿನ ಎಸಿಎಚ್ 0.5 ಅಂದುಕೊಳ್ಳಿ. ಹೊರಗಿನ 420ಕ್ಕೆ 2540 ಸೇರಿ, ಬೆಳಗಿನ ಜಾವಕ್ಕೆ 3000ದ ಹತ್ತಿರ. ಕಿಟಕಿ ತೆರೆದು ಎಸಿಎಚ್ 5 ಆದರೆ? 420ಕ್ಕೆ 254 ಸೇರಿ, 700 ಕೂಡ ದಾಟಲ್ಲ.

3000 ಪಿಪಿಎಂ ಕಾರ್ಬನ್ ಡೈಆಕ್ಸೈಡ್ ತಾನೇ ವಿಷ ಅಲ್ಲ. ಅದು ಗುರುತು, ಅಷ್ಟೇ. ನಾವು ಬಿಡೋ ಉಸಿರಲ್ಲಿ ಇದು ಸುಮಾರು 38,000 ಪಿಪಿಎಂ ಇರುತ್ತೆ. ಹಾಗಾಗಿ ಒಳಗೆ ಏರಿದ 2540ರ ಅರ್ಥ: ನೀವು ಎಳೆಯೋ ಗಾಳಿಯ ಹದಿನೈದರಲ್ಲಿ ಒಂದು ಭಾಗ ಆಗಲೇ ರೂಮಲ್ಲಿ ಯಾರದೋ ಶ್ವಾಸಕೋಶದಿಂದ ಬಂದದ್ದು. ಒಬ್ಬನಿಗೆ ಜ್ವರ ಬಂದರೆ ವಾರದಲ್ಲಿ ನಾಲ್ವರಿಗೂ ಬರೋದು ಯಾಕೆ ಅಂತ ಇನ್ನು ಕೇಳಬೇಡಿ.

ಇದರ ಮೇಲೆ ಸೊಳ್ಳೆ ಕಾಯಿಲ್ ಬೇರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಚೀನಾ ಮತ್ತು ಮಲೇಷ್ಯಾದ ಕಾಯಿಲ್‌ಗಳನ್ನ ಉರಿಸಿ ಅಳೆಯಿತು. ಒಂದು ಕಾಯಿಲ್ ಬಿಡೋ ಪಿಎಂ 2.5 ಕಣಗಳ ಪ್ರಮಾಣ 75ರಿಂದ 137 ಸಿಗರೇಟಿಗೆ ಸಮ. ನಮ್ಮಲ್ಲಿ ಸಿಗರೇಟು ಸೇದೋನನ್ನ ಬಾಲ್ಕನಿಗೆ ಕಳಿಸಿ, ಬಾಗಿಲು ಮುಚ್ಚಿ, ಮಂಚದ ಕೆಳಗೆ ಕಾಯಿಲ್ ಹಚ್ಚಿ ಮಲಗ್ತೀವಿ! ಕಿಟಕಿಗೆ ಮೆಶ್ ಅಥವಾ ಮಂಚಕ್ಕೆ ಸೊಳ್ಳೆಪರದೆ ಹಾಕಿದರೆ ಕಾಯಿಲೂ ಬೇಡ, ಕಿಟಕಿ ಮುಚ್ಚೋದೂ ಬೇಡ.

ಇನ್ನೊಂದು ತಪ್ಪು ತಿಳಿವಳಿಕೆ. ಸೀಲಿಂಗ್ ಫ್ಯಾನ್ ಗಾಳಿ ಬದಲಾಯಿಸಲ್ಲ, ತಿರುಗಿಸುತ್ತೆ. ಸ್ಪ್ಲಿಟ್ ಎಸಿ ಕೂಡ ಒಳಗಿನ ಗಾಳಿಯನ್ನೇ ತಂಪು ಮಾಡಿ ಒಳಗೇ ಬಿಡುತ್ತೆ. ಹೊರಗಿನ ಯೂನಿಟ್‌ಗೂ ಒಳಗಿನದಕ್ಕೂ ನಡುವೆ ಓಡಾಡೋದು ರೆಫ್ರಿಜರೆಂಟ್, ಗಾಳಿ ಅಲ್ಲ. ತಣ್ಣಗಿರೋ ಗಾಳಿಯೆಲ್ಲ ತಾಜಾ ಗಾಳಿ ಅಂದುಕೊಂಡು ಮೋಸ ಹೋಗಬೇಡಿ.

ಆಸ್ಪತ್ರೆಯ ಹಾಲ್‌ನಲ್ಲಿ

ಈಗ ಅಜ್ಜಿಯ ಜೊತೆ ನಾನು ಕೂತಿದ್ದ ಹಾಲ್‌ಗೆ ವಾಪಸ್. ಹೊಸ ಕಟ್ಟಡ, ಗಾಜಿನ ಗೋಡೆ, ತೆರೆಯಲು ಬಾರದ ಕಿಟಕಿ, ಎರಡು ಸ್ಪ್ಲಿಟ್ ಎಸಿ, ಅರವತ್ತು ಜನ. ಅರ್ಧ ಜನ ಕೆಮ್ಮುತ್ತಿದ್ದರು. ಎರಡೂವರೆ ಗಂಟೆ ಕಾದೆವು. ಮೊದಲೇ ಸೋತ ಶ್ವಾಸಕೋಶ ಇರೋರನ್ನ ಅಂಥ ಗಾಳಿಯಲ್ಲಿ ಕೂರಿಸೋದು ಸರಿಯಾ ಅನ್ನೋ ಪ್ರಶ್ನೆ ಅಲ್ಲೇ ಹುಟ್ಟಿತು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಕ್ಷಯ ಹರಡೋದು ಗಾಳಿಯಲ್ಲೇ. ರೋಗಿ ಕೆಮ್ಮಿದಾಗ ಸಿಡಿಯೋ ಹನಿಗಳಲ್ಲಿ ತೀರಾ ಚಿಕ್ಕವು ಒಣಗಿ, ಗಂಟೆಗಟ್ಟಲೆ ತೇಲುತ್ತವೆ. ಇದನ್ನ ತೋರಿಸಿದ ಪ್ರಯೋಗ ಅಮೆರಿಕದ ಬಾಲ್ಟಿಮೋರ್‌ನಲ್ಲಿ 1950ರ ದಶಕದ ಕೊನೆಯಲ್ಲಿ ನಡೆಯಿತು. ವೆಲ್ಸ್ ಮತ್ತು ರೈಲಿ ಕ್ಷಯ ವಾರ್ಡಿನ ಗಾಳಿಯನ್ನ ಡಕ್ಟ್ ಮೂಲಕ ಗಿನಿಯಿಲಿಗಳ ಗೂಡಿಗೆ ಹರಿಸಿದರು. ರೋಗಿಗಳ ಮುಖವನ್ನೇ ನೋಡದ ಇಲಿಗಳಿಗೆ ಕ್ಷಯ ಬಂತು.

ಔಷಧಿ ಇಲ್ಲದ ಕಾಲದಲ್ಲಿ ನಮ್ಮವರು ಇದನ್ನ ಅನುಭವದಿಂದಲೇ ಅರಿತಿದ್ದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನಲ್ಲಿ ಕಟ್ಟಿದ ಕ್ಷಯರೋಗ ಸ್ಯಾನಟೋರಿಯಂ ಇದೆ. ಸ್ಯಾನಟೋರಿಯಂ ಅನ್ನೋ ಕಲ್ಪನೆಯ ಜೀವಾಳವೇ ಬಯಲು, ಗಾಳಿ, ಬೆಳಕು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ನಾವು ಮೆಜೆಸ್ಟಿಕ್ ಕಡೆ ಹೋಗುವಾಗ ಸಿಗೋ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರದು.

ಹಳೇ ಕಟ್ಟಡಗಳ ಬಗ್ಗೆ ಪೆರು ದೇಶದ ಲಿಮಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಕಣ್ಣು ತೆರೆಸುತ್ತೆ. ಎಂಟು ಆಸ್ಪತ್ರೆಗಳ 70 ಕೋಣೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಅದು ಎಷ್ಟು ಬೇಗ ಕರಗುತ್ತೆ ಅಂತ ಅಳೆದರು. ಕಿಟಕಿ ಬಾಗಿಲು ತೆರೆದಾಗ ಸಿಕ್ಕ ಎಸಿಎಚ್ 28. ಯಂತ್ರದ ವಾತಾಯನಕ್ಕೆ ಶಿಫಾರಸಾದ ಮಟ್ಟ 12. ಎತ್ತರದ ಸೂರು, ದೊಡ್ಡ ಕಿಟಕಿಯ ಐವತ್ತು ವರ್ಷಕ್ಕೂ ಹಳೆಯ ಕಟ್ಟಡಗಳಲ್ಲಿ ಅದು 40. ಕ್ಷಯರೋಗಿಗಳ ಜೊತೆ 24 ಗಂಟೆ ಇದ್ದರೆ ಎಷ್ಟು ಜನರಿಗೆ ಸೋಂಕು ತಗಲಬಹುದು ಅಂತ ಗಣಿತದ ಮಾದರಿಯಲ್ಲಿ ಲೆಕ್ಕ ಹಾಕಿದರೆ, ಯಂತ್ರದ ವಾತಾಯನದ ಕೋಣೆಯಲ್ಲಿ ಶೇಕಡ 39, ಹಳೇ ಕಟ್ಟಡದಲ್ಲಿ ಶೇಕಡ 11.

ಹಾಗಂತ ಯಂತ್ರವೇ ಬೇಡ ಅಂತಲ್ಲ. ಕಿಟಕಿ ಕೆಲಸ ಮಾಡೋದು ಗಾಳಿ ಬೀಸಿದಾಗ, ಮತ್ತು ಯಾರಾದರೂ ತೆರೆದಾಗ. ಚಳಿಯ ರಾತ್ರಿ ವಾರ್ಡಿನ ಕಿಟಕಿಗಳನ್ನ ರೋಗಿಗಳ ಕಡೆಯವರೇ ಮುಚ್ಚುತ್ತಾರೆ. ಆಪರೇಷನ್ ಥಿಯೇಟರ್, ಐಸಿಯುಗಳಿಗೆ ಶೋಧಿಸಿದ ಗಾಳಿ ಬೇಕೇ ಬೇಕು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸಹಜ ವಾತಾಯನದ ವಾರ್ಡಿಗೂ ಲೆಕ್ಕ ಕೊಟ್ಟಿದೆ: ಸಾಮಾನ್ಯ ವಾರ್ಡಿನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಿಂದ ಹರಡೋ ಕಾಯಿಲೆಯವರ ಕೋಣೆಯಲ್ಲಿ 160 ಲೀಟರ್. ಕಿಟಕಿಯೂ ತೆರೆಯದ, ಹೊಸ ಗಾಳಿಯೂ ಬರದ ಹಾಲ್‌ನಲ್ಲಿ ಈ ಎರಡೂ ಸಿಗಲ್ಲ. ನಮ್ಮಲ್ಲಿ ಸಿವಿಲ್, ಆರ್ಕಿಟೆಕ್ಚರ್‌ನವರು ಇದನ್ನ ಓದ್ತಿದ್ದರೆ, ನಾಳೆ ನೀವು ಬರೆಯೋ ಪ್ಲಾನ್‌ನಲ್ಲಿ ತೆರೆಯೋ ಕಿಟಕಿ ಇರಲಿ ಮಾರಾಯ್ರೇ.

ನಾವೇನು ಮಾಡಬಹುದು?

ಮೊದಲು ಅಳೆಯಬಹುದು. ಒಂದು ಎನ್‌ಡಿಐಆರ್ ಕಾರ್ಬನ್ ಡೈಆಕ್ಸೈಡ್ ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡ್ ಇದ್ದರೆ ಸಾಕು. ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ ಪಿಪಿಎಂ ಹೇಗೆ ಇಳಿಯುತ್ತೆ ಅಂತ ಬರೆದುಕೊಳ್ಳಿ. ಹೊರಗಿನ 420 ಕಳೆದು, ಉಳಿದದ್ದರ ನ್ಯಾಚುರಲ್ ಲಾಗ್ ಅನ್ನ ಸಮಯದ ಎದುರು ಪ್ಲಾಟ್ ಮಾಡಿ. ಆ ಗೆರೆಯ ಇಳಿಜಾರೇ ನಿಮ್ಮ ಕೋಣೆಯ ಎಸಿಎಚ್. ಒಂದು ಗಂಟೆಯಲ್ಲಿ 1620ರಿಂದ 1020ಕ್ಕೆ ಇಳಿದರೆ ಹೆಚ್ಚುವರಿ 1200 ಇದ್ದದ್ದು 600 ಆಯಿತು, ಎಸಿಎಚ್ 0.69. ಲಿಮಾದಲ್ಲಿ ಮಾಡಿದ್ದೂ ಇದನ್ನೇ. ಅಸ್ತ್ರ ಒಲೆ ಹಂಚಿದ ಅದೇ ರಾಜ್ಯ ವಿಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡ್ತಾ ಬಂದಿದೆ. ಫೈನಲ್ ಇಯರ್‌ನವರಿಗೆ ಟಾಪಿಕ್ ಬೇಕಿದ್ದರೆ ಇಲ್ಲಿದೆ.

ಎರಡನೆಯದು, ಎದುರುಬದುರು ಎರಡು ಕಿಂಡಿ. ಒಂದೇ ಕಿಟಕಿಗಿಂತ ಕಿಟಕಿ ಮತ್ತು ಅದರ ಎದುರಿನ ವೆಂಟಿಲೇಟರ್ ಎರಡೂ ತೆರೆದರೆ ಗಾಳಿ ಹರಿಯುತ್ತೆ. ನಮ್ಮ ಕಡೆ ರಸ್ತೆ ಬದಿಯ ಕಿಟಕಿ ತೆರೆದರೆ ಲಾರಿ ಧೂಳು ಬರೋದು ನಿಜ. ಲಾರಿ ಓಡಾಟ ಜೋರಿರೋ ಹೊತ್ತಿಗೆ ಹಿಂದಿನ ಬದಿಯದನ್ನ, ಕಾರಿಡಾರಿನದನ್ನ ತೆರೆಯಿರಿ. ಎಕ್ಸಾಸ್ಟ್ ಫ್ಯಾನ್ ಹಾಕಿಸೋದಾದ್ರೆ ಡಬ್ಬಿ ಮೇಲಿನ ಸಂಖ್ಯೆ ನೋಡಿ. ಮೇಲಿನ ರೂಮಿಗೆ ಎಸಿಎಚ್ 5 ಬೇಕಾದರೆ ಗಂಟೆಗೆ 205 ಘನ ಮೀಟರ್. ಗಾಳಿ ಒಳಗೆ ಬರೋಕೂ ಒಂದು ದಾರಿ ಇರಬೇಕು, ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ಸದ್ದು ಮಾಡುತ್ತೆ.

ಮೂರನೆಯದು, ಮನೆಗೆ ಹೋದಾಗ ಕೇಳಬಹುದು. ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ? ಗುಣಿಸಿ ನೋಡಿ. 60 ದಾಟಿದ್ದು, ಕೆಮ್ಮು ಬಿಡ್ತಿಲ್ಲ ಅಂದ್ರೆ "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗಬೇಡಿ. ಒಮ್ಮೆ ಊದಿಸಿ ಪರೀಕ್ಷೆ ಮಾಡಿಸಿ.

ಯುಗಾದಿಗೆ ಊರಿಗೆ ಹೋದಾಗ ಅಪ್ಪ ನಾನು ಸೇರಿ ಬಚ್ಚಲ ಒಲೆಯನ್ನ ಹಿತ್ತಲಿಗೆ, ತೆರೆದ ಮಾಡಿನ ಕೆಳಗೆ ಸ್ಥಳಾಂತರ ಮಾಡಿದೆವು. ಸೌದೆ ಬಿಡೋಕೆ ಅಜ್ಜಿ ಒಪ್ಪಲಿಲ್ಲ, ಆದರೆ ಬೆಂಕಿ ಹಚ್ಚೋ ಕೆಲಸ ಈಗ ಅಪ್ಪನದು. ಅಜ್ಜಿ ಇನ್‌ಹೇಲರ್ ಎಳೆದುಕೊಂಡು, ಜಗಲಿ ಮೇಲೆ ಕೂತು, ಬೆಂಕಿ ಸರಿಯಾಗಿ ಹಚ್ಚೋಕೆ ಬರಲ್ಲ ಅಂತ ಅಪ್ಪನಿಗೆ ಬೈತಾ ಇರ್ತಾರೆ.